ಬೆನ್ನಿನ ಪಾತ್ರ

ಪುಣೆಯ ಖಡಕಿಯಲ್ಲಿ, ನಮ್ಮ ಹುಡುಗರ ಹಾಸ್ಟೆಲ್ ಶಾಲೆಗೆ
ದೀಪಾವಳಿ ರಜೆಗೆ ಹನ್ನೊಂದು ದಿನ ಮುಂಚೆ
ಮೂರು ಲಾರಿ ತುಂಬ ಬೆಳಕು ಬಂತು.
ಜನರೇಟರು, ಹಳಿ, ಕರಿ ಛತ್ರಿ, ಚಹಾದ ಡ್ರಮ್ಮು,
ಹಿಂದೊಂದು ಬಿಳಿ ಕಾರು, ಅದರೊಳಗೆ
ಹದಿನೈದರ ಹುಡುಗನ ಪಾತ್ರಕ್ಕೆ
ಇಪ್ಪತ್ತೆಂಟರ ಹೀರೊ.
ದಿನಕ್ಕೆರಡು ಸಲ ಗಡ್ಡ ಬೋಳಿಸುತ್ತಿದ್ದ, ಪಾಪ;
ನಮ್ಮಲ್ಲಿ ಯಾರಿಗಾದರೂ ಒಂದು ಕೂದಲು ಮೂಡಿದರೆ
ಇಡೀ ಡಾರ್ಮಿಟರಿ ನೋಡಲು ಸಾಲು ನಿಲ್ಲುತ್ತಿತ್ತು.

ನಮ್ಮ ಶಾಲೆ ಶಾಲೆಯ ಹಾಗೆ ಕಾಣುವುದಿಲ್ಲವೆಂದು
ಗೋಡೆಗೆ ಹೊಸದಾಗಿ ಹಳೆಯ ಪಾಚಿ ಬಳಿದರು.
ಮೆಸ್ಸಿನ ಬೇಳೆ ಕ್ಯಾಮೆರಾಕ್ಕೆ ತೆಳುವಾಯಿತೆಂದು
ಮೇಲೆ ತುಪ್ಪ ಸುರಿದರು; ಆ ವರ್ಷ ನಾವು ಕಂಡ ಒಂದೇ ತುಪ್ಪ.
ಯಾರೂ ಮುಟ್ಟಬೇಡಿ, ಎಂದರು, ಕಂಟಿನ್ಯೂಯಿಟಿ.
ಅನ್ಸೆಲ್ಮ್ ಕುಲಾಸೊ ಕಂಟಿನ್ಯೂಯಿಟಿಯನ್ನು
ಮೂರು ಬಟ್ಟಲು ಕುಡಿದ.

ದೇವಧರ್ ಸರ್ (ಭೂಗೋಳ ಮತ್ತು ಬೆತ್ತ)
ವಾರ್ಡನ್ ಪಾತ್ರಕ್ಕೆ ತಮ್ಮನ್ನೇ ಕೇಳುವರೆಂದು
ಮೀಸೆಗೆ ಕಪ್ಪು ಹಚ್ಚಿ ಬಂದರು. ಕೇಳಲಿಲ್ಲ.
ಮುಂಬಯಿಯಿಂದ ತಂದ ವಾರ್ಡನ್ನಿಗೆ
ನಮ್ಮನ್ನು ಕಂಡು ಕೈ ನಡುಗಿತು.

ನಾಲ್ಕನೆಯ ಬೆಳಿಗ್ಗೆ ಹೀರೊ ಏಳಲಿಲ್ಲ.
"ಮುಖ ಆಮೇಲೆ ನೋಡೋಣ, ಈಗ ಒಂದು ಬೆನ್ನು ಬೇಕು,"
ಎಂದ ಅಸಿಸ್ಟೆಂಟ್, ಸಂತೆಯಲ್ಲಿ ಹೋರಿ ನೋಡುವವನ ಹಾಗೆ
ನಮ್ಮ ಸಾಲಿನ ಹಿಂದೆ ನಡೆದು, ತಟ್ಟಿ, ನಿಂತ.
ಹೀಗೆ ನಾನು, ಮಲಕಪ್ಪ ಇಂಗಳಗಿ, ಒಂಬತ್ತನೇ ಬಿ,
ಕುತ್ತಿಗೆಯಿಂದ ಸೊಂಟದ ತನಕ ನಟನಾದೆ.

ಸೀನು ಇಷ್ಟೇ: ಮೊದಲ ದಿನ, ಗೇಟು.
ಅಪ್ಪ ಹೆಗಲ ಮೇಲೆ ಕೈ ಇಡುತ್ತಾನೆ, ಹೋಗುತ್ತಾನೆ.
ಹುಡುಗ ನಿಂತಿರುತ್ತಾನೆ.
"ಅಳು," ಎಂದರು ಡೈರೆಕ್ಟರು, "ಆದರೆ ಬೆನ್ನಿನಿಂದ ಅಳು."
ಗೇಟಿನ ಹಿಂದೆ ಖೊಬ್ರೇಕರ್ ಪೊಳ್ಳನೆ ನಕ್ಕ. ಕಟ್.
ಸಿನಿಮಾದ ಅಪ್ಪನಿಗೆ ಸೀನು ಬಂತು. ಕಟ್.
ನಾಯಿ ಬಂತು, ನನ್ನ ಚಡ್ಡಿ ಮೂಸಿತು. ಕಟ್.

ಒಂಬತ್ತನೆಯ ಟೇಕಿಗೆ ನನಗೆ ಅದು ನೆನಪಾಗಬಾರದಿತ್ತು:
ನನ್ನ ಅಪ್ಪ, ಸ್ವಾರಗೇಟ್ ಡಿಪೋದ ಮೆಕ್ಯಾನಿಕ್,
ಇದೇ ಗೇಟಿನಿಂದ ರಸ್ತೆಯವರೆಗೆ
ಏಳು ಸಲ ಹೊರಳಿ ನೋಡಿದ್ದ.
"ಸಾಬೂನು ಟ್ರಂಕಿನ ಎಡಮೂಲ್ಯಾಗ ಐತಿ!" ಎಂದು
ಮೂರನೆಯ ಸಲ ಕೂಗಿದ್ದ.
ಹುಡುಗರು ನೋಡುತ್ತಿದ್ದರು. ನನ್ನ ಕೈ
ಸಲಸಲಕ್ಕೂ ಒಂದಿಷ್ಟು ಕೆಳಗಿಳಿಯಿತು.
ಏಳನೆಯದಕ್ಕೆ ನಾನು ನೋಟಿಸ್ ಬೋರ್ಡಿನಲ್ಲಿ
ನನ್ನ ಹೆಸರಿಲ್ಲದ ಕ್ರಿಕೆಟ್ ತಂಡವನ್ನು
ತುಂಬ ಶ್ರದ್ಧೆಯಿಂದ ಓದುತ್ತಿದ್ದೆ.

ಈ ಅಪ್ಪ ಹೊರಳಲಿಲ್ಲ. ಸ್ಕ್ರಿಪ್ಟಿನಲ್ಲಿ ಇರಲಿಲ್ಲ.
ಎಲ್ಲಿತ್ತೋ, ಬೆನ್ನಿನೊಳಗಿಂದ ಒಂದು
ಗುಡ್ಡದಂಥದು ಎದ್ದು ಬಂತು.
"ಓಕೆ!" ಎಂದರು. ಚಪ್ಪಾಳೆ. ನೂರೈವತ್ತು ರೂಪಾಯಿ,
ಅದರಲ್ಲಿ ಮೂವತ್ತು, ಏಕೋ, ಖೊಬ್ರೇಕರನ ಕಮಿಷನ್.

ಮರುವರ್ಷ ಸಿನಿಮಾ ಬಂತು. ಅಪ್ಪನ ಪಕ್ಕ ಕೂತೆ,
ಏನೂ ಹೇಳಿರಲಿಲ್ಲ.
ಹನ್ನೊಂದು ಸೆಕೆಂಡು. ಅಪ್ಪನ ಬಾಯಲ್ಲಿ ಶೇಂಗಾ ನಿಂತಿತು.
"ಎಡಭುಜ ತಗ್ಗೈತಿ ನೋಡು," ಎಂದ ಪರದೆಗೆ,
"ಸಣ್ಣಾಂವಿದ್ದಾಗ ನೀರಿನ ಕೊಡ ಹೊತ್ತದ್ದು."
ಸ್ವಲ್ಪ ತಡೆದು, ನಿಜವಾದ ಸಿಟ್ಟಿನಲ್ಲಿ:
"ಅಂವೆಂಥಾ ಅಪ್ಪಪಾ, ಒಮ್ಮೆರ ಹೊಳ್ಳಿ ನೋಡಬಾರದ?"

ಹೊರಗೆ ಬಿಸಿಲು. ಅವನಿಗೆ ಡ್ಯೂಟಿ, ನನಗೆ ಹಾಸ್ಟೆಲ್.
ಈ ಸಲ ನಾನೇ ಮೊದಲು ತಿರುಗಿ ನಡೆದೆ,
ಮೆಲ್ಲಗೆ, ಅವನಿಗೆ ಕಾಣುವಷ್ಟು ಹೊತ್ತು.
ನಡುಬೆನ್ನು ಒಂದೇ ಸಮ ತುರಿಸುತ್ತಿತ್ತು.
ಕೆರೆದುಕೊಳ್ಳಲಿಲ್ಲ.
ಕಂಟಿನ್ಯೂಯಿಟಿ.