ನಾಲ್ಕು ಬೆರಳು

ಹಾಸನದ ಜಿಲ್ಲಾ ಮೈದಾನದಲ್ಲಿ ಮೂವತ್ತೊಂದು ವರ್ಷ
ಸುಣ್ಣ ಎಳೆದವನು ನಾನು.
ತೂತಿನ ಡಬ್ಬಿ, ನಾರಿನ ಹಗ್ಗ, ಎರಡು ಗೂಟ,
ಬಗ್ಗಿದ ಬೆನ್ನು. ಇಷ್ಟೇ ನನ್ನ ಇಲಾಖೆ.
ಬೆಳಗಿನ ಜಾವ ಎಂಟು ದಾರಿ ಬರೆದರೆ
ಸಂಜೆಯೊಳಗೆ ಕಾಲುಗಳು ಅಳಿಸುತ್ತಿದ್ದವು.
ಅಳಿಸಲೆಂದೇ ಬರೆಯುವ ಕೆಲಸ ಇನ್ನೆಲ್ಲಿದೆ ಹೇಳಿ,
ರಂಗೋಲಿ ಬಿಟ್ಟರೆ.

ಕೆಂಪಮಣಿ ಬಂದದ್ದು ಆಲೂಗೆಡ್ಡೆ ಮಂಡಿಯಿಂದ.
ಅಪ್ಪ ಬೋರಯ್ಯ ಮೂಟೆ ಇಳಿಸುವವನು.
ಲಾರಿಯಿಂದ ಉರುಳಿದ ಗೆಡ್ಡೆ ಚಕ್ರಕ್ಕೆ ಸಿಗುವ ಮುಂಚೆ
ಹೆಕ್ಕಿಕೊಂಡು ಓಡಿಬರುವುದು, ಅದೇ ಅವಳ ತಾಲೀಮು.
ಏಳನೇ ಕ್ಲಾಸು, ಬರಿಗಾಲು, ಅಣ್ಣನ ಚಡ್ಡಿ,
ಹಸಿ ಗೆರೆ ತುಳಿದು ನಿಂತಳು.
"ಏಯ್, ಕಣ್ಣಿಲ್ವಾ?" ಅಂದೆ.
ಅಂಗಾಲು ಎತ್ತಿ ನೋಡಿಕೊಂಡಳು, ಬೆಳ್ಳಗೆ.
"ಚೆನ್ನಾಗೈತೆ ಸುಣ್ಣದಣ್ಣ."
ಆಮೇಲೆ ಓಡಿದಳು. ಪೀಟಿ ಮೇಷ್ಟ್ರು
ಗಡಿಯಾರವನ್ನು ಕಿವಿಗೆ ಹಿಡಿದು ಕುಲುಕಿದರು.

ನಮ್ಮೂರ ದೇವಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ.
ಇವಳದು ಹನ್ನೊಂದೂವರೆ ಸೆಕೆಂಡು.
ಮಿಕ್ಕಿದ್ದೆಲ್ಲ ಮುಚ್ಚಿದ ಬಾಗಿಲ ಹಿಂದಿನ ದೀಪ:
ಐದು ಗಂಟೆಯ ಮಂಜಲ್ಲಿ ಟೈರು ಎಳೆದ ಸೊಂಟ,
ಚಮ್ಮಾರ ಹೊಲಿದುಕೊಟ್ಟ ಯಾರದೋ ಸ್ಪೈಕು,
ತಿಂಗಳ ಆ ದಿನಗಳಲ್ಲೂ ಬಿಡದ ಸೀಟಿ,
ಹಾಸ್ಟೆಲಿನ ತಟ್ಟೆಯಲ್ಲಿ ಅರ್ಧ ಮೊಟ್ಟೆ.

ರಾಜ್ಯಕೂಟ ನಮ್ಮಲ್ಲೇ ನಡೆದ ವರ್ಷ
ಬೋರಯ್ಯ ಕೂಲಿ ಬಿಟ್ಟು ಬಂದಿದ್ದ, ಹೊಸ ಟವೆಲು.
ಇನ್ನೂರು ಮೀಟರು, ಮೂರನೇ ದಾರಿ.
ಒಂದು ಮಾರು ಮುಂದಿದ್ದು ಗೆದ್ದಳು.
ಅಷ್ಟರಲ್ಲಿ ತಿರುವಿನಲ್ಲಿ ಹಳದಿ ಬಾವುಟ.
ಗೆರೆ ತುಳಿದಿದ್ದಾಳೆ.
ಗೆರೆ ಬರೆದವನನ್ನೇ ಕರೆಸಿದರು.
ಸುಣ್ಣ ಕದಡಿತ್ತು, ಮೊಳೆಗುರುತು ಮೂರು ಕಡೆ.
"ಹೌದು ಸ್ವಾಮಿ" ಅಂದೆ. ಸುಳ್ಳಲ್ಲ.
ಅವಳು ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು.

ರಾತ್ರಿ ಬ್ಯಾಟರಿ ಹಿಡಿದು ಮತ್ತೆ ಹಗ್ಗ ಹಾಕಿದೆ.
ಆ ಒಂದು ಗೆರೆ ಉಬ್ಬಿತ್ತು, ಅವಳ ದಾರಿಯೊಳಕ್ಕೆ,
ನಾಲ್ಕು ಬೆರಳು.
ಗಂಟು ಜಾರಿತ್ತೋ, ನನ್ನ ಕೈಯೋ.
ಪೊರಕೆ ತಂದು ಗುಡಿಸಿದೆ.
ಅಳಿಸಲೆಂದೇ ಬರೆಯುವ ಕೆಲಸ ಅಂದೆನಲ್ಲ.

ಮುಂದಿನದು ಪೇಪರಿನಲ್ಲಿ ಓದಿದ್ದು.
ಪಟಿಯಾಲ, ಗುವಾಹಟಿ, ನೂರು ಮೀಟರಿಗೆ ಚಿನ್ನ,
ಮತ್ತೆ ಚಿನ್ನ, ಆರು ವರ್ಷ ದೇಶದಲ್ಲಿ ಎದುರಿಲ್ಲ.
ನೂರರಲ್ಲಿ ತಿರುವಿರುವುದಿಲ್ಲ.
ಇನ್ನೂರಕ್ಕೆ ಮಾತ್ರ ಬೆಳ್ಳಿ. ಪ್ರತಿ ಸಲ ಬೆಳ್ಳಿ.
ದೋಹಾದಲ್ಲಿ ಸೆಕೆಂಡಿನ ನೂರರಲ್ಲಿ ಎರಡು ಪಾಲು;
ಟಿವಿಯವನು ಎರಡು ಕೈ ಹತ್ತಿರ ಹಿಡಿದು
ಇಷ್ಟೇ ಇಷ್ಟು, ಎಂದು ತೋರಿಸಿದ.
ಆಮೇಲೆ ತೊಡೆಯ ನರ. ಆಮೇಲೆ ರೈಲ್ವೆ.

ಈಗ ಮೈದಾನಕ್ಕೆ ಇಟ್ಟಿಗೆ ಬಣ್ಣದ ರಬ್ಬರು,
ಯಂತ್ರ ಬರೆದ ಗೆರೆ, ಮಳೆಗೂ ಜಗ್ಗದು.
ಹೋದ ಭಾನುವಾರ ಅರಸೀಕೆರೆಯಿಂದ ಬಂದಿದ್ದಳು,
ಟಿಕೆಟ್ ಕಲೆಕ್ಟರ್ ಕೋಟು ಮಡಚಿ ತೋಳಿಗೆ ಹಾಕಿ,
ಎಡಗಾಲು ಸ್ವಲ್ಪ ಎಳೆಯುತ್ತ.
ತಿರುವಿನಲ್ಲಿ ನಡೆಯುತ್ತ ಹೇಳಿಬಿಟ್ಟೆ,
ಹದಿನೆಂಟು ವರ್ಷದ್ದು, ಒಂದೇ ಉಸಿರಿಗೆ.

ಅವಳು ನಿಲ್ಲಲೂ ಇಲ್ಲ.
"ಗೊತ್ತಿತ್ತಣ್ಣ. ಓಡೋ ಕಾಲಿಗೆ ಗೊತ್ತಾಗಲ್ವಾ
ನೆಲ ಎಲ್ಲಿ ತಪ್ಪು ಹೇಳ್ತು ಅಂತ.
ಅವತ್ತಿಂದ ಯಾವ ಗೆರೇನೂ ನಂಬಲಿಲ್ಲ.
ಯಾವ ಊರಿನ ತಿರುವಾದ್ರೂ
ನಾಲ್ಕು ಬೆರಳು ದೂರಾನೇ ಓಡಿದೆ.
ಕೋಚು ಬೈಯೋರು."
ಪ್ಯಾಸೆಂಜರಿಗೆ ಹೊತ್ತಾಯಿತೆಂದು ಹೊರಟಳು,
ಎಂಟು ದಾರಿಗೂ ಅಡ್ಡಲಾಗಿ,
ಒಂದೊಂದು ಗೆರೆಯ ಮೇಲೂ ಬೇಕೆಂದೇ ಕಾಲಿಟ್ಟು.

ಮನೆಗೆ ಬಂದು ಅಟ್ಟದಿಂದ ಹಳೇ ಹಗ್ಗ ಇಳಿಸಿದೆ.
ಸೊಸೆ ಕಾಫಿ ತಂದು ಕೇಳಿದಳು, ಏನು ಅಳೀತಿದ್ದೀರಿ ಮಾವ.
ನಾಲ್ಕು ಬೆರಳು ದೂರ ಸರಿದು ಓಡಿದರೆ
ಒಂದು ತಿರುವಿಗೆ ಎಷ್ಟು ಹೆಚ್ಚು ಬರುತ್ತದೆ ಅಂತ, ಅಂದೆ.
ಎಷ್ಟು ಬಂತು?
ಅಂಗೈ ಅಗಲಿಸಿ ನೆಲಕ್ಕಿಟ್ಟೆ.
ಒಂದು ಗೇಣು.