ಸಂಜೆ ಆರರಿಂದ ಏಳು

ಇಂದ್ರಾಳಿ ಸ್ಟೇಷನ್ನಿನಲ್ಲಿ ಏಳು ಜನ ಇಳಿದರು,
ಏಳು ಜೊತೆ ಹೊಸ ಬೂಟು, ಒಂದೇ ಒಂದು ಛತ್ರಿ.
ನಾನು ದುಭಾಷಿ. ದಿನಕ್ಕೆ ಒಂಬೈನೂರು, ಊಟ ಬೇರೆ.
ತುಳುವಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ತುಳುವಿಗೆ;
ನನ್ನ ಕೊಂಕಣಿಗೆ ನಾಲ್ಕು ದಿನ ರಜೆ.

ಹಿರಿಯಡ್ಕ, ಪೆರ್ಡೂರು, ಹೆಬ್ರಿ ದಾಟಿದ ಮೇಲೆ
ಫೋನುಗಳು ಒಂದೊಂದಾಗಿ ಕಣ್ಣು ಮುಚ್ಚಿದವು.
ಆಮೇಲೆ ನೋಣಯ್ಯನದೇ ಮಾತು, ಅದೂ ಕಮ್ಮಿ.
ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿ
ಉಂಬುಳ ಕಚ್ಚಿದ ಕಾಲಿಗೆ ಸುಮ್ಮನೆ ಮುಟ್ಟಿಸುವನು,
ಮಾಸ್ತರು ಕಾಗುಣಿತ ತಿದ್ದಿದ ಹಾಗೆ.

ಮೊದಲ ದಿನ ಸದ್ದು ಮಾತ್ರ.
ಮಂಗಟ್ಟೆ ಹಾರಿತು, ಕಾಣಲಿಲ್ಲ; ರೆಕ್ಕೆಯ ಬಡಿತ
ತಲೆಯ ಮೇಲೆ ಯಾರೋ ಒದ್ದೆ ಬೈರಾಸು ಕೊಡವಿದಂತೆ.
"ಅದೇನಾ?" "ಅದೇ." "ಎಲ್ಲಿ?" "ಹೋಯ್ತು."
ಇಷ್ಟಕ್ಕೆ ನಾನು ಬೇಕಿರಲಿಲ್ಲ.

ಎರಡನೇ ದಿನ ಸಿಂಗಳೀಕ.
ಅಂದರೆ, ಸಿಂಗಳೀಕ ಕಚ್ಚಿ ಬಿಸಾಡಿದ ಹೆಬ್ಬಲಸು,
ಹಲ್ಲಿನ ಗುರುತು ಇನ್ನೂ ಹಸಿ.
ಪುಣೆಯ ಕಣ್ಣಿನ ಡಾಕ್ಟರು ಪರಾಂಜಪೆ
ಮೊಣಕೈಯುದ್ದದ ಲೆನ್ಸು ಬಿಚ್ಚಿ, ಬೇರೆ ದಾರಿಯಿಲ್ಲದೆ,
ಆ ಸಿಪ್ಪೆಯದೇ ನಲವತ್ತು ಫೋಟೊ ತೆಗೆದರು.
"ಮರ ಎತ್ತರ, ನಾವು ಗಿಡ್ಡ," ಅಂದ ನೋಣಯ್ಯ.
"ತಾಳ್ಮೆ ಬೇಕಂತೆ," ಎಂದು ದಾಟಿಸಿದೆ.
ಈ ಕಸುಬಿನಲ್ಲಿ ಸಣ್ಣ ಕಳ್ಳತನ ಇದ್ದದ್ದೇ.

ಮೂರನೇ ದಿನದ ಹಾಳೆಯಲ್ಲಿ ಹೀಗಿತ್ತು:
ಸಂಜೆ ಆರರಿಂದ ಏಳು, ಸಂಸ್ಕೃತಿ.

ನೋಣಯ್ಯನ ಚಿಕ್ಕಮ್ಮ ಅಪ್ಪಿಯಕ್ಕ ಬಂದಳು
ಅರ್ಧ ಹೆಣೆದ ಬುಟ್ಟಿಯ ಸಮೇತ.
ಹಾಡಬೇಕಿತ್ತು. ಹೆಣೆಯುತ್ತ ಕೂತಳು.
ಏಳು ಫೋನುಗಳ ಕೆಂಪು ಚುಕ್ಕೆ ಅವಳ ತುಟಿಯನ್ನೇ ಕಾಯುತ್ತಿತ್ತು.
ಬೆತ್ತ ಸೀಳುವ ಸದ್ದು. ಮಳೆ ನಿಂತ ಮೇಲೂ
ಮರ ಸುರಿಯುವ ಸದ್ದು.
ಆರೂಕಾಲು. ಆರೂವರೆ.
ಆಮೇಲೆ, ತಲೆ ಎತ್ತದೆ:
"ನಿಕುಲು ದಾದ ಕನತರ್?"

ನೀವೇನು ತಂದಿರಿ. ಅಷ್ಟೇ ಮಾತು, ಹಾಗೇ ಹೇಳಿದೆ.
ಸುತಪಾ ಚಾಕಲೇಟು ತೆಗೆದಳು, ಇನ್ನೊಬ್ಬರು ಐನೂರರ ನೋಟು.
ಅದಲ್ಲ, ಎಂದಳು. ಪದ. ನಿಮ್ಮಲ್ಲಿ ಯಾರೂ ಹೆರುವುದಿಲ್ಲವಾ,
ಸಾಯುವುದಿಲ್ಲವಾ, ಅಕ್ಕಿ ಬೀಸುವುದಿಲ್ಲವಾ?

ಚುಕ್ಕೆಗಳು ಒಂದೊಂದಾಗಿ ಆರಿದವು.
ಬಹಳ ಹೊತ್ತಿನ ಮೇಲೆ ಡಾಕ್ಟರು ಕೆಮ್ಮಿ,
ಅಜ್ಜಿ ಬೀಸುವಾಗ ಹೇಳುತ್ತಿದ್ದದ್ದು, ಒಂದೂವರೆ ಸಾಲು,
ಉಳಿದರ್ಧ ನೆನಪಿಗೆ ಬಾರದೆ
ಕೈ ಮಾತ್ರ ಇಲ್ಲದ ಬೀಸುಕಲ್ಲನ್ನು ತಿರುಗಿಸುತ್ತಲೇ ಇತ್ತು.
ನನಗೆ ಮರಾಠಿ ಬಾರದು.
ಅಪ್ಪಿಯಕ್ಕ ಅರ್ಥ ಕೇಳಲಿಲ್ಲ;
ಆ ಕೈಯನ್ನು ನೋಡುತ್ತ, ಅದೇ ವೇಗಕ್ಕೆ
ಬುಟ್ಟಿಯ ಒಂದು ಸುತ್ತು ಮುಗಿಸಿದಳು.

ಮತ್ತೆ ನನ್ನತ್ತ ತಿರುಗಿ:
"ನೀನು, ಬಾಯಮ್ಮ?"

ಏಳಾಯಿತು, ಎಂದೆ ನಾನು.
ಎರಡೂ ಭಾಷೆಯಲ್ಲಿ ಎಂದೆ.

ರಾತ್ರಿ, ಎಲ್ಲರೂ ಮಲಗಿದ ಮೇಲೆ,
ಪಾತ್ರೆ ತೊಳೆಯುವಲ್ಲಿ ಅವಳ ದನಿ ಕೇಳಿತು.
ಬೂದಿ, ನೀರು, ನಡುನಡುವೆ ಪದ.
ನಾನು ಬಲ್ಲ ತುಳುವಿಗಿಂತ ಹಳೆಯ ತುಳು,
ಅರ್ಧ ತಿಳಿಯಿತು, ಅರ್ಧ ಗೋಡೆಯಲ್ಲೇ ಉಳಿಯಿತು.
ಬರೆದುಕೊಳ್ಳಲಿಲ್ಲ. ಯಾರನ್ನೂ ಎಬ್ಬಿಸಲಿಲ್ಲ.

ನಾಲ್ಕನೇ ದಿನ ಅಭಿಪ್ರಾಯದ ಹಾಳೆ ತುಂಬಿದರು.
ಊಟ: ಚೆನ್ನಾಗಿತ್ತು. ಉಂಬುಳ: ಯಥೇಚ್ಛ.
ಸಂಸ್ಕೃತಿ ಎಂಬಲ್ಲಿ ಸುತಪಾ ಪೆನ್ನು ಎತ್ತಿ, ಇಳಿಸಿ,
ಖಾಲಿ ಬಿಟ್ಟಳು.

ಹೆಬ್ರಿಗೆ ಬಂದಾಗ ಫೋನುಗಳು ಕಣ್ಣು ಬಿಟ್ಟವು.
ನಾನು ಮಂಗಳೂರಿಗೆ, ಬಿಜೈಗೆ, ಮನೆಗೆ ಹಚ್ಚಿದೆ:
"ಮಾಂಯ್, ಲವೀನಾಳ ರೋಸಿನ ದಿನ,
ತಲೆಗೆ ತೆಂಗಿನ ಹಾಲು ಸುರಿಯುವಾಗ
ನೀವೆಲ್ಲ ಹೇಳಿದ ಆ ವೊವಿಯೊ,
ಅದರ ಎರಡನೇ ಸಾಲು ಹೇಗೆ?"

ಆ ಕಡೆ ಕುಕ್ಕರು ಕೂಗಿತು.
"ಯಾಕೆ," ಎಂದಳು ಅಮ್ಮ, "ಯಾರಿಗೆ ಮದುವೆ?"