ತಾ

ಹುಣ್ಣಿಮೆಯ ಮಾರನೆಯ ದಿನ ಕಡಲು
ಜಾಂಬಿಯಾನಿಯ ದಂಡೆ ಬಿಟ್ಟು ಬಹುದೂರ ಹೋಗುತ್ತದೆ.
ಬಿಟ್ಟುಹೋದ ನೆಲದಲ್ಲಿ ಮೊಣಕಾಲುದ್ದ ನೀರು,
ಗೂಟ, ಗೂಟಕ್ಕೆ ಹಗ್ಗ,
ಹಗ್ಗದುದ್ದಕ್ಕೂ ಗಂಟುಗಂಟಿಗೆ ಕಡಲಪಾಚಿ.
ಹೆಂಗಸರು ಬಗ್ಗಿ ನಿಂತಿರುತ್ತಾರೆ,
ಉಬ್ಬರ ತಿರುಗುವ ತನಕ ಅವರದೇ ಹೊತ್ತು.

ನಾನು ದಂಡೆಯ ಮೇಲೆ ತಕ್ಕಡಿ ಹಿಡಿದವನು.
ಒಣಗಿದ್ದು ಕಿಲೋಗೆ ಇಷ್ಟು ಎಂದು ಬರೆಯುವವನು,
ಮರಳು ಸೇರಿದ್ದರೆ ಅಷ್ಟನ್ನು ಕಳೆಯುವವನು.
ನೀರಿಗೆ ಇಳಿದವನಲ್ಲ.

ಅದು ಅಲ್ಲೇ ಇತ್ತು.
ಉಬ್ಬರದ ಬೆನ್ನು ಹತ್ತಿ ಏಡಿ ಹುಡುಕುತ್ತ ಒಳಬಂದು
ಇಳಿತಕ್ಕೆ ಹೊರಡಲು ಮರೆತದ್ದೋ, ಮನಸ್ಸಾಗದ್ದೋ,
ತಟ್ಟೆಯಗಲದ ಮೈಯನ್ನು ಎರಡು ಸಲ ಒದರಿ
ಮರಳು ಹೊದ್ದು ಮಲಗಿತ್ತು.
ಹೊರಗೆ ಕಣ್ಣೆರಡೇ.
ಕಣ್ಣ ಹಿಂದಿನ ತೂತಿನಲ್ಲಿ ಉಸಿರು.
ಹಳದಿ ಮೈಯ ತುಂಬ ನೀಲಿ ಚುಕ್ಕೆ,
ಕಂಗಾ ಬಟ್ಟೆಗೆ ಆ ಬಣ್ಣ ಬಿದ್ದಿದ್ದರೆ
ಅಂಗಡಿಯವನು ದರ ಏರಿಸುತ್ತಿದ್ದ.
ಬಾಯಿ ಹೊಟ್ಟೆಯ ಕಡೆಗೆ;
ತಾನು ತಿನ್ನುವುದನ್ನು ಅದು ನೋಡುವುದೇ ಇಲ್ಲ.
ಬಾಲದ ಮೇಲೆ ಗರಗಸದ ಹಲ್ಲಿನ ಮುಳ್ಳು,
ಮುಳ್ಳಿಗೆ ತೆಳ್ಳನೆ ತೊಗಲ ಒರೆ, ಒರೆಯಲ್ಲಿ ನಂಜು.
ಅಟ್ಟಿಸಿಕೊಂಡು ಬಂದು ಚುಚ್ಚುವ ಜಾತಿಯಲ್ಲ.
ಮೈಮೇಲೆ ಕಾಲು ಬಿದ್ದಾಗಷ್ಟೇ
ಅದಕ್ಕೆ ತನ್ನ ಬಾಲ ನೆನಪಾಗುತ್ತದೆ.

ಮ್ವನಖೇರಿ ಕಾಲಿಟ್ಟಳು.

ಕೂಗಲಿಲ್ಲ. ಕೈಯಲ್ಲಿದ್ದ ಗಂಟನ್ನು ಬಿಗಿದು ಮುಗಿಸಿ
ಆಮೇಲೆ ನೀರಿನಲ್ಲೇ ಕೂತಳು.
ಸುತ್ತ ಕೆಂಪು ಸ್ವಲ್ಪ, ಕದಡಿದ ಮರಳು ಬಹಳ.
ಅದರಾಚೆಗೆ, ಯಾರೋ ಕೊಡವಿ ಬಿಟ್ಟ ಕರವಸ್ತ್ರದಂತೆ,
ಅದು ಹೋಯಿತು.

ಹೊತ್ತು ತಂದು ಮನೆಯ ಕಟ್ಟೆಯಲ್ಲಿ ಮಲಗಿಸಿದರು.
ಕತ್ತಲಾಗುವ ಹೊತ್ತಿಗೆ ಕಾಲು ಹಲಸಿನಷ್ಟು,
ನೋವು ತೊಡೆ ಹತ್ತಿತ್ತು. ಕರೆಂಟು ಇರಲಿಲ್ಲ.
ಹಲ್ಲು ಕಚ್ಚಿಕೊಂಡೇ ಅಂದಳು: ತಾ.

ಅವರ ಮಾತಿನಲ್ಲಿ ತಾ ಎಂದರೆ ದೀಪ.
ಮಗಳು ಸೆಮೇನಿ ಓಡಿ ಲಾಟೀನು ತಂದಳು.
ಅವರ ಮಾತಿನಲ್ಲೇ ತಾ ಎಂದರೆ ಆ ಮೀನು ಕೂಡ,
ನಮ್ಮ ಕಡಲಿನವರು ತೊರಕೆ ಎನ್ನುವುದು.
ಅವಳು ಹೇಳಿದ್ದು ಮೀನನ್ನು. ಬಂದದ್ದು ಬೆಳಕು.
ಮೂಲೆಯಲ್ಲಿದ್ದ ನನ್ನ ಕಿವಿಗೆ ಬಿದ್ದದ್ದು
ನನ್ನ ತಾಯಿಯ ಮಾತಿನ ತಾ:
ತಂದುಕೊಡು.
ಏನನ್ನು ಎಂದು ತಿಳಿಯದೆ ಎದ್ದು ನಿಂತೆ.

ಬಿಸಿನೀರು, ಅಂದಳು ಮುದುಕಿ ಬಿ ರಿಜೀಕಿ,
ನನ್ನ ಮುಖ ನೋಡದೆ.
ಕೈ ತಾಳುವಷ್ಟು ಬಿಸಿ. ನಂಜಿಗೆ ಕಾವು ಆಗದು.
ನಾನು ತಂದೆ. ಆರಿತು. ಮತ್ತೆ ತಂದೆ.
ತೆಂಗಿನ ಚಿಪ್ಪಿನ ಬೆಂಕಿ, ಕಣ್ಣಿಗೆ ಹೊಗೆ,
ಎಷ್ಟು ಕೊಡವೋ ಲೆಕ್ಕ ಇಡಲಿಲ್ಲ,
ಲೆಕ್ಕವೇ ನನ್ನ ಕೆಲಸವಾದರೂ.

ನಡುರಾತ್ರಿ ನೋವು ಮೊಣಕಾಲಿಗೆ ಇಳಿದಾಗ
ಮುದುಕಿ ಬೈಯತೊಡಗಿದಳು:
ಕಾಲೆತ್ತಿ ಇಡಬೇಡ, ಎಳೆದುಕೊಂಡು ನಡಿ
ಅಂತ ಹೇಳಿ ಹೇಳಿ ನನ್ನ ಹಲ್ಲು ಬಿತ್ತು.
ಯಾರ ಮನೆಗಾದರೂ ಹೋಡಿ ಅನ್ನದೆ ನುಗ್ಗುತ್ತೀಯಾ?
ಹೋಡಿ, ಬರಲೇ, ಎಂದು ಬಾಗಿಲಲ್ಲಿ ಕೂಗುವುದು.
ಕರಿಬು ಅಂದಮೇಲೇ ಹೊಸಿಲು ದಾಟುವುದು.
ಮರಳಿಗೂ ಒಂದು ಬಾಗಿಲಿದೆ ಕಣೇ,
ಪಾದದಿಂದ ತಟ್ಟಬೇಕು.

ಆ ವಾರದ ಪುಟದಲ್ಲಿ ಮ್ವನಖೇರಿಯ ಹೆಸರಿನ ಮುಂದೆ
ಸೊನ್ನೆ. ಅಕ್ಷರ ನನ್ನದೇ.

ಅಮಾವಾಸ್ಯೆಯ ಇಳಿತಕ್ಕೆ ಕಾಲಿಗೆ ಬಟ್ಟೆ ಸುತ್ತಿ
ಅವಳು ಮತ್ತೆ ಹೊರಟಳು.
ನಾನು ಚಪ್ಪಲಿ ತಕ್ಕಡಿಯ ಪಕ್ಕ ಬಿಟ್ಟು
ಹಿಂದೆ ಇಳಿದೆ. ಯಾಕೆಂದು ಅವಳು ಕೇಳಲಿಲ್ಲ.
ಉಗುರುಬೆಚ್ಚಗಿನ ನೀರು. ಹೆಜ್ಜೆಯಲ್ಲ,
ಮರಳನ್ನು ಉಜ್ಜಿಕೊಂಡು ಹೋಗುವ ಒಂದು ಗೆರೆ.
ಹೋಡಿ, ಅಂದೆ, ಅಂಗಾಲಿನಲ್ಲಿ. ಹೋಡಿ.
ಮಾರು ದೂರದಲ್ಲಿ ನೆಲ ಅಲುಗಿತು,
ನೀಲಿ ಚುಕ್ಕೆಗಳು ಎದ್ದವು.
ಕರಿಬು ಎನ್ನಲಿಲ್ಲ.
ಜಾಗ ಬಿಟ್ಟಿತು.

ಮ್ವನಖೇರಿ ಹಗ್ಗ ಹಿಡಿದವಳು ತಿರುಗಿ
ನನ್ನ ಕಾಲು ನೋಡಿ ನಕ್ಕಳು:
ಮರಳು ಕಳೆಯುವವನೇ,
ಇವತ್ತು ನಿನ್ನನ್ನು ತೂಗಿದರೆ ಎಷ್ಟು ಕಳೆಯಬೇಕು?